ಮನ್ರೇಸಾದಲ್ಲಿ ತಡೆದ ಯಾತ್ರೆ

ಜುಲೈ 31ರಂದು ಧರ್ಮಸಭೆಯು ಲೊಯೋಲಾದ ಸಂತ ಇಗ್ನಾಸಿಯವರ ಹಬ್ಬವನ್ನು ಆಚರಿಸುತ್ತದೆ. ಯೇಸು ಸಭೆಯ ಸ್ಥಾಪಕರು, ಸಂತ ಫ್ರಾನ್ಸಿಸ್ ಝೇವಿಯರರನ್ನು ಭಾರತದತ್ತ ಕಳುಹಿಸಿದವರು, ಆಧ್ಯಾತ್ಮಿಕ ಸಾಧನೆಗಳು ಎಂಬ ಕಿರುಹೊತ್ತಗೆಯ ಕರ್ತೃಗಳು ಎಂಬಷ್ಟು ವಿಷಯ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಬಹುಮಂದಿಗೆ ತಿಳಿದಿದೆ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸು ಸಭೆಯ ಗುರುಗಳು 1879ರಲ್ಲಿ ಗುರುಮಠವನ್ನೂ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ ಆರಂಭಿಸಿದ್ದರಿಂದ ಈ ಸಂತರು ಕರಾವಳಿಯ ಜನರಿಗೆ ದೂರದವರೂ ಅಲ್ಲ. ನಾವೂ ಗುರುಮಠಕ್ಕೆ ಸೇರಿದ ಹೊಸತರಲ್ಲೇ ಅವರ ಮಾರ್ಗದ ಮೌನಧ್ಯಾನಕ್ಕೆ ಕುಳಿತವರು. ಆದರೆ ಆ ಹೊತ್ತಗೆ ಯಾವುದೋ ಗ್ರಂಥಾಲಯದಲ್ಲಿ ಕುಳಿತು ಬರೆದದ್ದಲ್ಲ, ನಡುದಾರಿಯಲ್ಲಿ ತಡೆದು ನಿಂತ ಒಂದು ಪಾದಯಾತ್ರೆಯ ಫಲ ಎಂಬ ಸಂಗತಿ ಅಂದು ನಮ್ಮ ಮನಸ್ಸಿಗೆ ಇಳಿದಿರಲಿಲ್ಲ. ಇಳಿದದ್ದು ಬಹಳ ವರ್ಷಗಳ ಮೇಲೆ, ಧರ್ಮಕೇಂದ್ರದ ರೋಗಿಗಳ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯತೊಡಗಿದಾಗ.

ಯೋಧ ಇನ್ಯೀಗೋ ಸಂತ ಇಗ್ನಾಸಿಯಾದ ಕಥೆಯ ಮೊದಲ ಭಾಗವನ್ನು ಬೇಗನೆ ಹೇಳಿ ಮುಗಿಸಬಹುದು. 1491ರಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಲೊಯೋಲಾ ಕೋಟೆಮನೆಯಲ್ಲಿ, ದೊಡ್ಡ ಮನೆತನದ ಕಿರಿಯ ಮಗನಾಗಿ ಜನನ. ರಾಜಾಸ್ಥಾನದ ವೈಭವ, ಕತ್ತಿವರಸೆ, ಉಡುಗೆತೊಡುಗೆಗಳ ಮೋಹ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ರಕ್ಷಣೆಯಲ್ಲಿದ್ದಾಗ ಫ್ರೆಂಚರ ಫಿರಂಗಿ ಗುಂಡು ತಗಲಿ ಒಂದು ಕಾಲು ಮುರಿಯಿತು, ಇನ್ನೊಂದಕ್ಕೂ ಗಾಯವಾಯಿತು. ಸರಿಯಾಗಿ ಕೂಡದ ಎಲುಬನ್ನು ವೈದ್ಯರು ಮತ್ತೆ ಮುರಿದು ಕೂಡಿಸಿದರು. ಮೊಣಕಾಲಿನ ಕೆಳಗೆ ಎದ್ದು ನಿಂತ ಎಲುಬಿನ ತುಂಡು ಅಂದದ ಬೂಟು ತೊಡಲು ಅಡ್ಡಿಯಾಗುವುದೆಂದು, ಅದನ್ನು ಗರಗಸದಿಂದ ಕೊಯ್ಯಿಸಿಕೊಂಡವರು ಅವರೇ. ಅರಿವಳಿಕೆಯಿಲ್ಲದ ಕಾಲವದು. ಇಷ್ಟಾದರೂ ಒಂದು ಕಾಲು ಗಿಡ್ಡವಾಗಿಯೇ ಉಳಿಯಿತು. ಹಾಸಿಗೆಯಲ್ಲಿದ್ದಾಗ ಓದಲು ವೀರಕಥೆಗಳನ್ನು ಕೇಳಿದರೆ, ಆ ಮನೆಯಲ್ಲಿ ದೊರೆತದ್ದು ಕ್ರಿಸ್ತಚರಿತೆಯೂ ಸಂತರ ಜೀವನಕಥೆಗಳೂ ಮಾತ್ರ. ಅದರ ಪರಿಣಾಮ ನಮಗೆಲ್ಲ ಗೊತ್ತಿರುವಂಥದ್ದೇ.

ಗುಣಮುಖರಾದ ಮೇಲೆ ಅವರು ಮಾಡಿದ ನಿರ್ಧಾರ ಜೆರುಸಲೇಮಿಗೆ ಯಾತ್ರಿಕನಾಗಿ ಹೋಗುವುದು. 1522ರ ಆರಂಭದಲ್ಲಿ ಹೇಸರಗತ್ತೆಯನ್ನೇರಿ ಮನೆ ಬಿಟ್ಟರು. ಇಂದು ಇಗ್ನಾಸಿಯವರ ದಾರಿ ಎಂದು ಹೆಸರಾಗಿರುವ, ಲೊಯೋಲಾದಿಂದ ಮನ್ರೇಸಾದವರೆಗಿನ ಸುಮಾರು 650 ಕಿಲೋಮೀಟರುಗಳ ಆ ಮಾರ್ಗವನ್ನು ನಾನಾ ದೇಶಗಳ ಜನರು ಬೆನ್ನಿಗೆ ಗಂಟು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಕ್ರಮಿಸುತ್ತಾರೆ. ಮಾರ್ಚ್ 21ರ ಸುಮಾರಿಗೆ ಮೊನ್ಸೆರಾತ್ ಬೆಟ್ಟದ ಮರಿಯಮ್ಮನವರ ಪುಣ್ಯಕ್ಷೇತ್ರವನ್ನು ತಲುಪಿದ ಇಗ್ನಾಸಿಯವರು ತಮ್ಮ ಇಡೀ ಬಾಳಿನ ಪಾಪಗಳನ್ನು ಬರೆದಿಟ್ಟುಕೊಂಡು ಮೂರು ದಿನಗಳ ಕಾಲ ಪಾಪನಿವೇದನೆ ಮಾಡಿದರು. ಹೇಸರಗತ್ತೆಯನ್ನು ಮಠಕ್ಕೆ ಬಿಟ್ಟುಕೊಟ್ಟರು. ಕತ್ತಿ, ಕಠಾರಿಗಳನ್ನು ಮಾತೆಯ ಪೀಠದ ಬಳಿ ತೂಗುಹಾಕಿಸಿದರು. ಮಾರ್ಚ್ 24ರ ರಾತ್ರಿ ಬೆಲೆಬಾಳುವ ಉಡುಪನ್ನು ಒಬ್ಬ ಭಿಕ್ಷುಕನಿಗಿತ್ತು, ಒರಟು ಗೋಣಿಬಟ್ಟೆಯ ನಿಲುವಂಗಿ ತೊಟ್ಟು, ಊರುಗೋಲು ಹಿಡಿದು, ರಾತ್ರಿಯಿಡೀ ಜಾಗರಣೆ ಮಾಡಿದರು. ಮರುದಿನ ಮಂಗಳವಾರ್ತೆಯ ಹಬ್ಬ. ಬೆಳಕು ಹರಿಯುವ ಮುನ್ನವೇ ಬೆಟ್ಟ ಇಳಿದರು.

ನಿಜವಾದ ಕಾಲ್ನಡಿಗೆ ಇಲ್ಲಿಂದ ಆರಂಭ. ಗಾಯಗೊಂಡ ಕಾಲು ರಾತ್ರಿಯಾಗುತ್ತಲೇ ಬಾತುಕೊಳ್ಳುತ್ತಿದ್ದುದರಿಂದ ಒಂದೇ ಪಾದಕ್ಕೆ ನಾರಿನ ಕೆರ, ಇನ್ನೊಂದು ಬರಿಗಾಲು. ಸ್ವಲ್ಪ ದೂರ ಸಾಗುವಷ್ಟರಲ್ಲಿ ಹಿಂದಿನಿಂದ ಒಬ್ಬನು ಧಾವಿಸಿ ಬಂದು, ಭಿಕ್ಷುಕನ ಬಳಿಯಿರುವ ಬಟ್ಟೆ ನಿಜವಾಗಿ ಇವರೇ ಕೊಟ್ಟದ್ದೇ ಎಂದು ವಿಚಾರಿಸಿದನು. ಆ ಬಡವನನ್ನು ಕಳ್ಳನೆಂದು ಹಿಡಿದಿದ್ದರು. ಇಗ್ನಾಸಿಯವರ ಕಣ್ಣುಗಳಲ್ಲಿ ನೀರು ತುಂಬಿತು. ತಾನು ಮಾಡಿದ ಉದಾರ ದಾನ ಪಡೆದವನ ಪಾಲಿಗೆ ಸೆರೆಯ ಭಯವಾಗಿ ಪರಿಣಮಿಸಿತ್ತು. ಕೊಡುವವನ ಕೈಗೆ ಕಾಣದ ಕೆಲವು ಸಂಗತಿಗಳಿವೆ ಎಂಬುದರ ಮೊದಲ ಪಾಠ ಇದೇ ಇರಬಹುದು ಎಂದು ನಮಗೆ ತೋರುತ್ತದೆ.

ಜೆರುಸಲೇಮಿಗೆ ಹೋಗಬೇಕಾದರೆ ಬಾರ್ಸೆಲೋನಾ ಬಂದರಿನಿಂದ ಹಡಗು ಹತ್ತಿ ಮೊದಲು ರೋಮಿಗೆ ಹೋಗಿ ಜಗದ್ಗುರುಗಳ ಅಪ್ಪಣೆ ಪಡೆಯಬೇಕಿತ್ತು. ಆದರೆ ನೇರ ದಾರಿಯಲ್ಲಿ ಪರಿಚಯದ ಶ್ರೀಮಂತರು ಎದುರಾಗುವ ಸಂಭವವಿದ್ದುದರಿಂದ ಅವರು ಬದಿಯ ದಾರಿ ಹಿಡಿದು ಕಾರ್ದೊನೆರ್ ನದಿಯ ದಂಡೆಯ ಮನ್ರೇಸಾ ಎಂಬ ಸಣ್ಣ ಪಟ್ಟಣಕ್ಕೆ ಬಂದರು. ಬಾರ್ಸೆಲೋನಾದಲ್ಲಿ ಪ್ಲೇಗಿನ ಭಯವಿದ್ದುದೂ ಒಂದು ಕಾರಣವೆಂದು ಚರಿತ್ರೆಕಾರರು ಬರೆಯುತ್ತಾರೆ. ದಾರಿಯಲ್ಲಿ ಭೇಟಿಯಾದ ಇನೆಸ್ ಪಾಸ್ಕುವಾಲ್ ಎಂಬ ವಿಧವೆ ಅವರನ್ನು ಸಂತ ಲೂಸಿಯಳ ಹೆಸರಿನ ಧರ್ಮಛತ್ರಕ್ಕೆ ಸೇರಿಸಿದರು. ಬಡವರೂ ರೋಗಿಗಳೂ ದಾರಿಹೋಕರೂ ಒಂದೇ ಸೂರಿನಡಿ ಮಲಗುವ ಸ್ಥಳವದು. ಕೆಲವು ದಿನ ತಂಗಿ, ತಮ್ಮ ಪುಸ್ತಕದಲ್ಲಿ ಒಂದಿಷ್ಟು ಟಿಪ್ಪಣಿ ಬರೆದುಕೊಂಡು ಮುಂದೆ ಸಾಗುವುದು ಅವರ ಎಣಿಕೆ. ಮನ್ರೇಸಾದಿಂದ ಅವರು ಹೊರಟದ್ದು 1523ರ ಆರಂಭದಲ್ಲಿ, ಹತ್ತು ತಿಂಗಳಿಗೂ ಮಿಕ್ಕಿದ ಕಾಲದ ನಂತರ.

ಆ ತಿಂಗಳುಗಳ ಮೊದಲ ಭಾಗವನ್ನು ಓದುವಾಗ ನಮಗೆ ಭಕ್ತಿಗಿಂತ ಕಳವಳವೇ ಹೆಚ್ಚಾಗುತ್ತದೆ ಎಂದು ಹೇಳಲು ಸಂಕೋಚವಿಲ್ಲ. ದಿನವೂ ಮನೆಮನೆ ತಿರುಗಿ ಭಿಕ್ಷೆ. ಮಾಂಸ ಮುಟ್ಟುವುದಿಲ್ಲ. ಭಾನುವಾರದ ಹೊರತು ದ್ರಾಕ್ಷಾರಸವೂ ಇಲ್ಲ. ಹಿಂದೆ ತಲೆಗೂದಲಿನ ಅಂದಕ್ಕೆ ಅಷ್ಟು ಗಮನ ಕೊಟ್ಟವರು ಈಗ ಅದಕ್ಕೆ ಬಾಚಣಿಗೆ ತಾಗಿಸುವುದಿಲ್ಲ, ಕೈಕಾಲುಗಳ ಉಗುರು ಕತ್ತರಿಸುವುದಿಲ್ಲ. ದಿನಕ್ಕೆ ಏಳು ಗಂಟೆಗಳ ಕಾಲ ಮೊಣಕಾಲೂರಿ ಪ್ರಾರ್ಥನೆ. ಫಿರಂಗಿ ಗುಂಡಿಗೆ ಮುರಿದ ಆ ಕಾಲಿನ ಮೇಲೆಯೇ ಎಂಬುದನ್ನು ಮರೆಯಬಾರದು. ಸಂತರಾದ ಫ್ರಾನ್ಸಿಸ್, ಡೊಮಿನಿಕರು ಮಾಡಿದ್ದನ್ನು ನಾನೂ ಮಾಡಬೇಕು, ಅವರಿಗಿಂತ ಮಿಗಿಲಾಗಿ ಮಾಡಬೇಕು ಎಂಬುದು ಅವರ ಅಂದಿನ ಧೋರಣೆ. ಕತ್ತಿ ಮೊನ್ಸೆರಾತಿನಲ್ಲಿ ಉಳಿದಿತ್ತು. ಯೋಧನ ಪೈಪೋಟಿ ಮಾತ್ರ ಗೋಣಿಬಟ್ಟೆಯೊಳಗೆ ಜತೆಗೇ ಬಂದಿತ್ತು.

ಒಮ್ಮೆ ಅವರಿಗೊಂದು ಆಲೋಚನೆ ಬಂದಿತು. ಇನ್ನೂ ಎಪ್ಪತ್ತು ವರ್ಷ ಬದುಕಬೇಕಾದರೆ ಇಂತಹ ಬಾಳನ್ನು ಹೇಗೆ ಸಹಿಸುವುದು? ತನಗೆ ಒಂದು ಗಂಟೆಯ ಆಯುಸ್ಸನ್ನಾದರೂ ಖಚಿತವಾಗಿ ಕೊಡಬಲ್ಲೆಯಾ ಎಂದು ಅವರು ಆ ಪ್ರಲೋಭನೆಗೇ ಮರುಪ್ರಶ್ನೆ ಹಾಕಿ ಅದನ್ನು ಗೆದ್ದರು. ಆದರೆ ಮುಂದೆ ಬಂದದ್ದನ್ನು ಅಷ್ಟು ಸುಲಭವಾಗಿ ಗೆಲ್ಲಲಾಗಲಿಲ್ಲ. ಮೊನ್ಸೆರಾತಿನಲ್ಲಿ ಮಾಡಿದ ಪಾಪನಿವೇದನೆಯಲ್ಲಿ ಏನಾದರೂ ಬಿಟ್ಟುಹೋಗಿರಬಹುದೇ ಎಂಬ ಶಂಕೆ ಅವರನ್ನು ಹಿಡಿಯಿತು. ಮತ್ತೆ ಮತ್ತೆ ನಿವೇದಿಸಿದರು. ಸಮಾಧಾನವಿಲ್ಲ. ಬಹಳ ಸ್ಪಷ್ಟವಾದುದರ ಹೊರತು ಹಳೆಯ ಪಾಪಗಳನ್ನು ಇನ್ನು ಹೇಳಬೇಡ ಎಂದು ಪಾಪನಿವೇದನೆಯ ಗುರು ಅಪ್ಪಣೆ ಮಾಡಿದರೆ, ಅವರಿಗೆ ಎಲ್ಲವೂ ಬಹಳ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹಾಗಾಗಿ ಆ ಅಪ್ಪಣೆಯಿಂದ ಪ್ರಯೋಜನವಾಗಲಿಲ್ಲ. ಡೊಮಿನಿಕನ್ ಮಠದವರು ಕೊಟ್ಟಿದ್ದ ಕೋಣೆಯಲ್ಲಿ, ಅವರು ಪ್ರಾರ್ಥಿಸುವ ಸ್ಥಳದ ಪಕ್ಕದಲ್ಲೇ ಒಂದು ದೊಡ್ಡ ಕಂಡಿಯಿತ್ತು. ಅದರೊಳಕ್ಕೆ ಹಾರಿ ಪ್ರಾಣ ಬಿಡಬೇಕೆಂಬ ಪ್ರಬಲ ಪ್ರೇರಣೆ ಪದೇ ಪದೇ ಬರುತ್ತಿತ್ತು. ಅದು ಪಾಪವೆಂಬ ಅರಿವೊಂದೇ ಅವರನ್ನು ತಡೆಹಿಡಿಯಿತು.

ಇದನ್ನು ಮುಚ್ಚಿಡದೆ ಹೇಳಿದವರು ಸ್ವತಃ ಇಗ್ನಾಸಿಯವರೇ. ಬದುಕಿನ ಕೊನೆಯ ವರ್ಷಗಳಲ್ಲಿ, 1553ರಿಂದ 1555ರ ನಡುವೆ, ಲೂಯಿಸ್ ಗೊನ್ಸಾಲ್ವೆಸ್ ದ ಕಾಮರಾ ಎಂಬ ಗುರುಗಳಿಗೆ ತಮ್ಮ ಕಥೆಯನ್ನು ಹೇಳಿ ಬರೆಯಿಸುವಾಗ, ತಮ್ಮನ್ನು ನಾನು ಎನ್ನದೆ ಯಾತ್ರಿಕ ಎಂದು ಕರೆದುಕೊಳ್ಳುತ್ತಾ, ಈ ಪ್ರಸಂಗವನ್ನೂ ಸೇರಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಮಧುಮೇಹವಿದ್ದರೆ ಹೇಳುತ್ತೇವೆ, ಹೃದಯದ ಬೇನೆಯಿದ್ದರೆ ಹೇಳುತ್ತೇವೆ. ಮನೆಯ ಮಗನೋ ಸೊಸೆಯೋ ಬದುಕು ಸಾಕೆನ್ನುತ್ತಿದ್ದರೆ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಆ ಬಾಗಿಲು ತೆರೆದದ್ದು ಮರಣದ ಗಂಟೆ ಬಾರಿಸಿದಾಗಲೇ ಎಂಬ ಮನೆಗಳಿಗೆ ನಾವು ಹೋಗಿದ್ದೇವೆ. ಪ್ರಾರ್ಥನೆ ಸಾಲದೆ ಹೋಯಿತೆಂದು ಆ ತಾಯಂದಿರು ತಮ್ಮನ್ನೇ ದೂಷಿಸಿಕೊಳ್ಳುವುದನ್ನು ಕೇಳಿದಾಗ, ದಿನಕ್ಕೆ ಏಳು ಗಂಟೆ ಪ್ರಾರ್ಥಿಸುತ್ತಿದ್ದವರ ಕೋಣೆಯಲ್ಲೂ ಆ ಕಂಡಿ ಇತ್ತಲ್ಲವೇ ಎಂದು ನಾವು ಹೇಳಬೇಕಾಗಿ ಬಂದಿದೆ.

ದೇವರು ದಾರಿ ತೋರುವವರೆಗೆ ಏನನ್ನೂ ತಿನ್ನುವುದಿಲ್ಲವೆಂದು ಇಗ್ನಾಸಿಯವರು ಒಂದು ಭಾನುವಾರದಿಂದ ಮರು ಭಾನುವಾರದವರೆಗೆ ಉಪವಾಸವಿದ್ದರು. ಅದನ್ನು ಕೇಳಿದ ಗುರು ಉಪವಾಸ ಮುರಿಯುವಂತೆ ಆಜ್ಞಾಪಿಸಿದರು. ಇನ್ನೂ ಶಕ್ತಿ ಉಳಿದಿತ್ತಾದರೂ ಅವರು ಆ ಮಾತಿಗೆ ತಲೆಬಾಗಿ ಊಟ ಮಾಡಿದರು. ಎರಡು ದಿನ ನೆಮ್ಮದಿ. ಮೂರನೆಯ ದಿನ ಶಂಕೆಗಳ ಸರಪಣಿ ಮತ್ತೆ ಆರಂಭವಾದಾಗ ಕನಸಿನಿಂದ ಎಚ್ಚೆತ್ತವರಂತೆ ಅವರಿಗೊಂದು ಸತ್ಯ ಹೊಳೆಯಿತು: ಈ ಶೋಧನೆ ದೇವರಿಂದ ಬಂದದ್ದಲ್ಲ. ಹಳೆಯ ಪಾಪಗಳನ್ನು ಇನ್ನೆಂದೂ ಮತ್ತೆ ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದರು, ಶಂಕೆಗಳಿಂದ ಮುಕ್ತರಾದರು. ಕಾಲಾಂತರದಲ್ಲಿ ಕೂದಲು, ಉಗುರು ಕತ್ತರಿಸಿದರು, ಮಾಂಸವನ್ನೂ ತಿನ್ನತೊಡಗಿದರು. ಮುಂದೆ ಅವರ ಹೊತ್ತಗೆಯಲ್ಲಿ ಶಂಕಾಪೀಡಿತರಿಗಾಗಿ ಪ್ರತ್ಯೇಕ ಟಿಪ್ಪಣಿಗಳು ಸೇರಿದವು. ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರಗಳನ್ನು ಬದಲಿಸಬಾರದೆಂಬ ನಿಯಮವೂ ಸೇರಿತು. ಮನ್ರೇಸಾದ ಆ ಕೋಣೆಯನ್ನು ಬಲ್ಲವರಿಗೆ ಇವು ಒಣ ನಿಯಮಗಳಾಗಿ ಕಾಣಲಾರವು.

ಅದೇ ವರ್ಷ ಒಂದು ದಿನ ಊರಾಚೆಯ ಸಂತ ಪೌಲರ ದೇವಾಲಯಕ್ಕೆ ಹೋಗುತ್ತಾ, ಕಾರ್ದೊನೆರ್ ನದಿಗೆ ಮುಖ ಮಾಡಿ ಕುಳಿತಿದ್ದಾಗ ಅವರಿಗೆ ದೊರೆತ ಬೆಳಕಿನ ಬಗ್ಗೆ ಅನೇಕರು ಬರೆದಿದ್ದಾರೆ. ಅದು ಯಾವ ದರ್ಶನವೂ ಅಲ್ಲ. ವಿಶ್ವಾಸದ ವಿಷಯಗಳೂ ಲೋಕದ ವಿದ್ಯೆಗಳೂ ಒಟ್ಟಾಗಿ ತಿಳಿಯಾಗಿ ಎಲ್ಲವೂ ಹೊಸದಾಗಿ ಕಂಡ ಅನುಭವ. ಅರುವತ್ತೆರಡು ವರ್ಷಗಳಲ್ಲಿ ತಾವು ಕಲಿತದ್ದನ್ನೆಲ್ಲ ಕೂಡಿಸಿದರೂ ಆ ಒಂದು ಗಳಿಗೆಗೆ ಸಮನಾಗದು ಎಂಬುದು ಅವರ ಅಭಿಪ್ರಾಯ. ಇದನ್ನು ವಿವರಿಸುವ ಪ್ರಯತ್ನ ನಾವು ಮಾಡುವುದಿಲ್ಲ. ತತ್ತ್ವಶಾಸ್ತ್ರ ಓದಿದವರಿಗೆ ವಿವರಿಸುವ ಚಪಲ ಹೆಚ್ಚು. ನದೀದಂಡೆಯಲ್ಲಿ ಅದನ್ನು ಅದುಮಿಡುವುದೇ ಲೇಸು.

ನಮಗೆ ಹೇಳಬೇಕಾಗಿರುವುದು ಇಷ್ಟು ಬರೆಯಲ್ಪಡದ ಇನ್ನೊಂದು ಘಟನೆಯ ಕುರಿತು. ಅದು ಕಾಯಿಲೆ. ಮನ್ರೇಸಾದಲ್ಲಿ ಅವರು ಒಂದಕ್ಕಿಂತ ಹೆಚ್ಚು ಬಾರಿ ಹಾಸಿಗೆ ಹಿಡಿದರು. ಒಮ್ಮೆ ಜ್ವರ ಏರಿ ಪ್ರಾಣ ಹೋಗುವುದೇ ಖಚಿತವೆನಿಸಿದಾಗ, ತಾನು ನೀತಿವಂತ ಎಂಬ ಆಲೋಚನೆ ತಲೆಯಲ್ಲಿ ಏಳತೊಡಗಿತು. ತಮ್ಮ ಪಾಪಗಳನ್ನು ಎದುರಿಗೆ ತಂದುಕೊಂಡು ಎಷ್ಟು ತಳ್ಳಿದರೂ ಅದು ಹೋಗಲೊಲ್ಲದು. ಜ್ವರದ ಸಂಕಟಕ್ಕಿಂತ ಆ ಆಲೋಚನೆಯ ಸಂಕಟವೇ ಹೆಚ್ಚಾಯಿತು. ಜ್ವರ ತುಸು ಇಳಿದಾಗ, ನೋಡಲು ಬಂದಿದ್ದ ಸ್ತ್ರೀಯರಿಗೆ ಅವರು ಕೂಗಿ ಹೇಳಿದ ಮಾತು ವಿಚಿತ್ರವಾದದ್ದು: ಇನ್ನೊಮ್ಮೆ ತಾನು ಸಾವಿನಂಚಿಗೆ ಬಂದರೆ ಪಾಪಿಯೆಂದು ಗಟ್ಟಿಯಾಗಿ ಕರೆದು, ದೇವರಿಗೆ ಮಾಡಿದ ದ್ರೋಹಗಳನ್ನು ನೆನಪಿಸಬೇಕಂತೆ. ಹಾಸಿಗೆಯ ಸುತ್ತ ನಿಂತ ಆ ಹೆಂಗಸರ ಮುಖಗಳನ್ನು ಕಲ್ಪಿಸಿಕೊಂಡರೆ ನಮಗೆ ನಗು ಬರುತ್ತದೆ. ಆದರೆ ಅದರಲ್ಲಿ ಒಂದು ಹೊಸತನವಿದೆ. ಅಲ್ಲಿಯವರೆಗೆ ತನ್ನ ಆತ್ಮದ ಯುದ್ಧವನ್ನು ಒಂಟಿಯಾಗಿ ನಡೆಸುತ್ತಿದ್ದ ಯೋಧ ಈಗ ನೆರೆಮನೆಯವರ ನೆರವು ಕೇಳುತ್ತಿದ್ದಾನೆ.

ಚಳಿಗಾಲ ಬಂದಿತು. ಕಾಯಿಲೆ ಮತ್ತೆ ಉಲ್ಬಣಿಸಿತು. ಯಾರೆಂದು ಊರಿಗೆ ಸರಿಯಾಗಿ ಗೊತ್ತಿಲ್ಲದ ಈ ಪರದೇಶಿ ಭಿಕ್ಷುಕನನ್ನು ಪಟ್ಟಣದವರು ಒಂದು ಮನೆಗೆ ಸೇರಿಸಿ ಶುಶ್ರೂಷೆಯ ವ್ಯವಸ್ಥೆ ಮಾಡಿದರು. ಊರಿನ ಗಣ್ಯ ಮನೆತನಗಳ ಸ್ತ್ರೀಯರು ರಾತ್ರಿ ಸರದಿಯಂತೆ ಎಚ್ಚರವಿದ್ದು ನೋಡಿಕೊಂಡರು. ಕಾಯಿಲೆ ಬಿಟ್ಟಿತಾದರೂ ದೇಹ ಕೃಶವಾಯಿತು, ಹೊಟ್ಟೆನೋವು ಪದೇ ಪದೇ ಕಾಡತೊಡಗಿತು. ಚಳಿಯೂ ಅತಿಯಾಗಿತ್ತು. ಅದಕ್ಕಾಗಿ ಆ ಜನರು ಅವರಿಗೆ ಬೆಚ್ಚನೆಯ ಬಟ್ಟೆ ತೊಡಿಸಿದರು, ಕಾಲಿಗೆ ಕೆರ ಹಾಕಿಸಿದರು, ತಲೆ ಮುಚ್ಚಿಸಿದರು. ದಪ್ಪ ಬಟ್ಟೆಯ ಕಂದು ಬಣ್ಣದ ಎರಡು ಅಂಗಿಗಳು, ಅದೇ ಬಟ್ಟೆಯ ಒಂದು ಟೊಪ್ಪಿ. ಮೂವತ್ತು ವರ್ಷಗಳ ಮೇಲೆ ರೋಮಿನಲ್ಲಿ ಕಥೆ ಹೇಳುವಾಗಲೂ ಆ ಅಂಗಿಗಳ ಸಂಖ್ಯೆ, ಬಣ್ಣ, ಟೊಪ್ಪಿಯ ಬಟ್ಟೆ ಅವರಿಗೆ ನೆನಪಿತ್ತು.

ಗುರುಮಠದಲ್ಲಿ ಅರಿಸ್ಟಾಟಲನ ಹತ್ತು ಪದಾರ್ಥಗಳನ್ನು ನಾವು ಕಂಠಪಾಠ ಮಾಡಿದ್ದೆವು. ಅವುಗಳಲ್ಲಿ ಕ್ರಿಯೆ ಎಂಬುದೊಂದು, ಕ್ರಿಯೆಗೆ ಒಳಗಾಗುವುದು ಎಂಬುದಿನ್ನೊಂದು. ಮೊದಲನೆಯದು ಹಿರಿದು, ಎರಡನೆಯದು ಪಟ್ಟಿ ಪೂರ್ಣಗೊಳ್ಳಲು ಬಂದದ್ದು ಎಂಬ ಭಾವನೆ ಆ ವಯಸ್ಸಿನಲ್ಲಿ ನಮಗಿತ್ತು. ಮೊನ್ಸೆರಾತಿನಲ್ಲಿ ಬಟ್ಟೆ ಬಿಚ್ಚಿ ಕೊಟ್ಟದ್ದು ಕ್ರಿಯೆ. ಅದನ್ನು ಚಿತ್ರಕಾರರು ಅನೇಕ ಬಾರಿ ಬರೆದಿದ್ದಾರೆ. ಮನ್ರೇಸಾದಲ್ಲಿ ಮಕ್ಕಳಿಗೆ ತೊಡಿಸುವಂತೆ ಇತರರು ಬಟ್ಟೆ ತೊಡಿಸುವಾಗ ಸುಮ್ಮನೆ ತೊಡಿಸಿಕೊಂಡದ್ದನ್ನು ಚಿತ್ರ ಬರೆದವರನ್ನು ನಾವು ಕಂಡಿಲ್ಲ. ಅವರ ಪಾಲಿಗೆ ಯಾವುದು ಹೆಚ್ಚು ಕಠಿಣವಾಗಿದ್ದಿರಬಹುದು? ಹಾಸಿಗೆಯಲ್ಲಿರುವ ನಮ್ಮ ಅಜ್ಜಿಯರು ಪರಮಪ್ರಸಾದ ಸ್ವೀಕರಿಸುವ ಮುನ್ನ ಮೊಣಕಾಲೂರಲಾಗದ್ದಕ್ಕೆ ಕ್ಷಮೆ ಕೇಳುತ್ತಾರೆ, ಮಗಳಿಂದ ಸ್ನಾನ ಮಾಡಿಸಿಕೊಳ್ಳಬೇಕಾದುದಕ್ಕೆ ಕಣ್ಣೀರಿಡುತ್ತಾರೆ. ಉತ್ತರ ಅವರಿಗೆ ಗೊತ್ತು.

1523ರ ಆರಂಭದಲ್ಲಿ ಯಾತ್ರೆ ಮುಂದುವರಿಯಿತು. ಬಾರ್ಸೆಲೋನಾ, ಗಾಯೆತಾ, ಅಲ್ಲಿಂದ ನಡೆದು ಗರಿಗಳ ಭಾನುವಾರದಂದು ರೋಮ್, ಮುಂದೆ ವೆನಿಸ್. ವೆನಿಸಿನಲ್ಲಿ ಮತ್ತೆ ಜ್ವರ. ಹಡಗು ಹೊರಡುವ ದಿನವೇ ಔಷಧಿ ಸೇವಿಸಿದ್ದರು. ಸಮುದ್ರದಲ್ಲಿ ಸಮಾಧಿಯಾಗುವ ಆಸೆಯಿದ್ದರೆ ಧಾರಾಳವಾಗಿ ಹೋಗಬಹುದೆಂದು ವೈದ್ಯರು ಹೇಳಿದರು. ಅವರು ಹಡಗನ್ನೇರಿದರು, ವಾಂತಿಯಾಗಿ ಹಗುರಾದರು. ಸೆಪ್ಟೆಂಬರಿನಲ್ಲಿ ಜೆರುಸಲೇಮ್ ತಲುಪಿದರು. ಆದರೆ ಕೆಲವು ವಾರಗಳೊಳಗೆ, ಅಪಾಯದ ಕಾರಣ ಇಲ್ಲಿ ನೆಲೆಸುವಂತಿಲ್ಲವೆಂದು ಪುಣ್ಯಸ್ಥಳಗಳ ಮೇಲ್ವಿಚಾರಕರಾದ ಫ್ರಾನ್ಸಿಸ್ಕನ್ನರು ಅವರನ್ನು ಹಿಂದಕ್ಕೆ ಕಳುಹಿಸಿದರು. ಅಷ್ಟು ಹಂಬಲಿಸಿದ ಗುರಿಯಲ್ಲಿ ಅವರಿಗೆ ಸಿಕ್ಕಿದ್ದು ಮೂರು ವಾರ. ಬೇಡವಾಗಿದ್ದ ನಿಲುಗಡೆಯಲ್ಲಿ ಸಿಕ್ಕಿದ್ದು ಹತ್ತು ತಿಂಗಳು.

ನಂತರ ಮೂವತ್ತು ದಾಟಿದ ವಯಸ್ಸಿನಲ್ಲಿ ಹುಡುಗರ ಜತೆ ಲತೀನು ಕಲಿತದ್ದು, 1528ರಿಂದ ಪ್ಯಾರಿಸಿನಲ್ಲಿ ವಿದ್ಯಾಭ್ಯಾಸ, 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಬೆಟ್ಟದಲ್ಲಿ ಸಂಗಡಿಗರೊಡನೆ ಕೈಗೊಂಡ ವ್ರತ, 1540ರ ಸೆಪ್ಟೆಂಬರ್ 27ರಂದು ಯೇಸು ಸಭೆಗೆ ದೊರೆತ ಅಂಗೀಕಾರ, ಇವೆಲ್ಲ ಅನ್ಯತ್ರ ಲಭ್ಯ. ಹೊಟ್ಟೆನೋವು ಎಲ್ಲೆಡೆಗೂ ಅವರನ್ನು ಹಿಂಬಾಲಿಸಿತು. 1535ರಲ್ಲಿ ಪ್ಯಾರಿಸಿನ ವೈದ್ಯರಿಗೆ ಬೇರೆ ಮದ್ದು ತೋಚದೆ ಹುಟ್ಟೂರಿನ ಗಾಳಿ ಸೇವಿಸಲು ಕಳುಹಿಸಿದರು.

ಒಂದು ಪ್ರಸಂಗವನ್ನು ಮಾತ್ರ ಬಿಡಲಾಗದು. 1537ರಲ್ಲಿ ಇಟಲಿಯ ವಿಚೆನ್ಸಾದಲ್ಲಿ ಅವರು ಸ್ವತಃ ಜ್ವರದಿಂದಿದ್ದಾಗ, ಸಂಗಡಿಗರಾದ ಸಿಮೋನ್ ರೊಡ್ರಿಗಸ್ ಬಸ್ಸಾನೋ ಎಂಬ ಊರಿನಲ್ಲಿ ಮರಣಾಸನ್ನರಾಗಿದ್ದಾರೆಂಬ ಸುದ್ದಿ ಬಂದಿತು. ಕೂಡಲೇ ಎದ್ದು ಹೊರಟರು. ಗಿಡ್ಡಗಾಲಿನ ಆ ಮನುಷ್ಯ ಜ್ವರದ ಮೈಯಲ್ಲಿ ಎಷ್ಟು ವೇಗವಾಗಿ ನಡೆದರೆಂದರೆ, ಜತೆಗಿದ್ದ ಆರೋಗ್ಯವಂತ ಪೀಟರ್ ಫೇಬರರಿಗೆ ಹೆಜ್ಜೆ ಕೂಡಿಸಲಾಗಲಿಲ್ಲ. ಸಿಮೋನರನ್ನು ಕಂಡು ಧೈರ್ಯ ತುಂಬಿದರು. ಅವರು ಗುಣಮುಖರಾದರು. ಮನ್ರೇಸಾದ ಹೆಂಗಸರ ಋಣವನ್ನು ಅವರು ತೀರಿಸಿದ್ದು ಈ ಬಗೆಯಲ್ಲಿ ಎಂದು ನಮ್ಮ ಭಾವನೆ. ಸಭೆಯ ಮಹಾಶ್ರೇಷ್ಠರಾದ ಮೇಲೆ ಬರೆದ ನಿಯಮಾವಳಿಯಲ್ಲಿ ದೇಹಾರೋಗ್ಯದ ರಕ್ಷಣೆಗೆಂದೇ ಒಂದು ಅಧ್ಯಾಯವಿಟ್ಟರು. 1548ರಲ್ಲಿ, ಗಾಂದಿಯಾದ ಡ್ಯೂಕ್ ಆಗಿದ್ದ ಫ್ರಾನ್ಸಿಸ್ ಬೋರ್ಜಿಯವರು ಉಪವಾಸ, ದಂಡನೆಗಳಿಂದ ಮೈ ಸವೆಸುತ್ತಿದ್ದಾಗ, ಅವುಗಳನ್ನು ಇಳಿಸಿ ಹೊಟ್ಟೆಗೆ ಸರಿಯಾಗಿ ಆಹಾರ ಕೊಡುವಂತೆ ಪತ್ರ ಬರೆದರು. ತಪಸ್ಸುಕಾಲದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸ ಕೂರುವ ನಮ್ಮ ಹಿರಿಯರಿಗೆ ಆ ಪತ್ರವನ್ನು ಓದಿ ಹೇಳುವುದು ನಮ್ಮ ವಾಡಿಕೆ. ಕೇಳುವವರು ಕಡಿಮೆ.

1556ರ ಜುಲೈ 30ರಂದು ಇಗ್ನಾಸಿಯವರು ಕಾರ್ಯದರ್ಶಿ ಪೊಲಾಂಕೊ ಅವರನ್ನು ಕರೆದು, ಜಗದ್ಗುರುಗಳ ಬಳಿ ಹೋಗಿ ತಮಗಾಗಿ ಆಶೀರ್ವಾದ ಬೇಡುವಂತೆ ಹೇಳಿದರು. ವೈದ್ಯರಿಗೆ ಅಪಾಯವೇನೂ ಕಂಡಿರಲಿಲ್ಲ. ಎಂದಿನ ಹೊಟ್ಟೆನೋವೇ ಎಂದು ಎಲ್ಲರ ನಂಬಿಕೆ. ಸ್ಪೇನಿಗೆ ಹೋಗುವ ಅಂಚೆಗೆ ಪತ್ರಗಳನ್ನು ಮುಗಿಸಬೇಕಾಗಿದೆ, ನಾಳೆ ಹೋದರೆ ಆದೀತೇ ಎಂದು ಪೊಲಾಂಕೊ ಕೇಳಿದರು. ಇಂದೇ ಆದರೆ ಒಳ್ಳೆಯದಿತ್ತು, ಆದರೂ ನಿಮ್ಮ ಇಷ್ಟ ಎಂಬರ್ಥದ ಉತ್ತರ ದೊರೆಯಿತು. ಇತರರನ್ನು ನೋಡಿಕೊಳ್ಳಲು ಜ್ವರದಲ್ಲೂ ಓಡಿದವರು ತಮ್ಮ ಸರದಿ ಬಂದಾಗ ಒತ್ತಾಯಿಸಲಿಲ್ಲ. ಮರುದಿನ ಮುಂಜಾನೆ ಪೊಲಾಂಕೊ ಜಗದ್ಗುರುಗಳ ಅರಮನೆಗೆ ಧಾವಿಸಿ ಹಿಂದಿರುಗುವಷ್ಟರಲ್ಲಿ, ರೋಗಿಗಳ ಅಭ್ಯಂಗವೂ ದೊರೆಯದೆ, ಇಗ್ನಾಸಿಯವರು ಪ್ರಾಣ ಬಿಟ್ಟಿದ್ದರು. ಪ್ರಖ್ಯಾತ ಅಂಗರಚನಾ ಶಾಸ್ತ್ರಜ್ಞ ರೆಯಾಲ್ದೋ ಕೊಲಂಬೋ ಅವರ ದೇಹವನ್ನು ಪರೀಕ್ಷಿಸಿದಾಗ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು ಮತ್ತು ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಲೆಕ್ಕವಿಲ್ಲದಷ್ಟು ಕಲ್ಲುಗಳಿದ್ದವು. ಅವುಗಳನ್ನು ತನ್ನ ಕೈಯಿಂದಲೇ ಹೊರತೆಗೆದುದಾಗಿ ಅವನು 1559ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿಟ್ಟನು.